ಮಿಲ್ಲಿನ ಬಿಸಿನೀರಿಗೆ ಸುರಿಸಿದ ಪುಡಿ

ಯಂತ್ರ ತಪಾಸಣೆಯ ದೊಡ್ಡ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ, ತಮ್ಮ ಅಪ್ಪಣೆಯಂತೆ ಬಾಣಾವರದ ಎಣ್ಣೆ ಮಿಲ್ಲಿನ ಪಾಚಿ ಸತ್ತಿದೆ. ನಮ್ಮ ಬೀದಿಯ ಕೂಸೊಂದು ಇನ್ನೂ ಕಣ್ಣು ಬಿಟ್ಟಿಲ್ಲ. ಎರಡಕ್ಕೂ ಕಾರಣ ಒಂದೇ ಪುಡಿ.

ಇಂಜಿನ್ನನ್ನು ತಣಿಸುವ ನೀರಿನ ತೊಟ್ಟಿಯಲ್ಲಿ ಪಾಚಿ ಬೆಳೆದು, ಕೊಳವೆಯೊಳಗೆ ಲೋಳೆ ಕಟ್ಟಿ, ಇಂಜಿನ್ ಕಾದು ನಿಲ್ಲುತ್ತಿದ್ದದ್ದು ನಿಜ. ನಾನು ಜಾವಗಲ್ ಶಾಲೆಯಲ್ಲಿ ಲೋವರ್ ಸೆಕೆಂಡರಿ ಪರೀಕ್ಷೆಗೆ ಕೂತವನು, ಪಾಸಾದದ್ದು ಬಿಟ್ಟದ್ದು ಬೇರೆ ಮಾತು. ಇಂಜಿನ್ನಿನ ಕೆಮ್ಮು ಕೇಳಿಯೇ ಎಲ್ಲಿ ಕಟ್ಟಿಕೊಂಡಿದೆ ಎಂದು ಹೇಳಬಲ್ಲೆ. ಇಷ್ಟು ವಿದ್ಯೆಯುಳ್ಳವನನ್ನು ತಾವು ಒಂದು ಮಾತು ಕೇಳಲಿಲ್ಲ, ಹೋಗಲಿ. ಆ ನೀರು ಎಲ್ಲಿಗೆ ಹೋಗುತ್ತದೆ ಎಂದಾದರೂ ಕೇಳಬೇಡವೇ? ಮಿಲ್ಲಿನ ಗೋಡೆಯ ತೂತಿನಿಂದ ಹೊರಬೀಳುವ ಬೆಚ್ಚನೆಯ ನೀರೇ ನಮ್ಮ ಬೀದಿಯ ಹಂಡೆ. ಸೌದೆ ಇಲ್ಲದ ಮನೆಯವರೆಲ್ಲ ಮೀಯುವುದು ಅದರಲ್ಲೇ. ಬಾಣಂತಿಗೂ ಅದೇ, ಕೂಸಿಗೂ ಅದೇ.

ತಮ್ಮ ಕಚೇರಿಯವರು ಬಂದರು, ತೊಟ್ಟಿಗೆ ಬ್ಲೀಚಿಂಗ್ ಪುಡಿ ಸುರಿಸಿದರು, ಎಳನೀರು ಕುಡಿದು ರೈಲು ಹತ್ತಿದರು. ಮರುದಿನ ನನ್ನ ತಂಗಿಯ ಮಗಳು ದ್ರಾಕ್ಷಾಯಣಿಯ ಕೂಸನ್ನು, ಬೀದಿಯ ಕೂಸುಗಳಿಗೆಲ್ಲ ನೀರು ಹಾಕುವ ರುದ್ರಮ್ಮಜ್ಜಿ ಕಾಲ ಮೇಲೆ ಮಲಗಿಸಿಕೊಂಡು ಅದೇ ನೀರು ಹುಯ್ದಳು; ಕೂಸಿನ ಕಣ್ಣು ಊದಿ ಮುಚ್ಚಿಕೊಂಡವು. ನೀರಿನ ಘಾಟು ಅಜ್ಜಿಯ ಮೂಗಿಗೂ ಬಡಿದಿತ್ತು. ಮತ್ತೆ ಯಾಕೆ ಹುಯ್ದೆ ಎಂದರೆ ಅಳುತ್ತಾ ಹೇಳಿದಳು: "ಕಾಲರಾ ಬಂದಾಗ ಬಾವಿಗೆ ಹಾಕ್ತಿದ್ರಲ್ಲ, ಅದೇ ವಾಸ್ನೆ ಕಣಪ್ಪ. ಸರ್ಕಾರದೋರು ಚೊಕ್ಕ ಮಾಡವ್ರೆ ಅಂತ ಇನ್ನೊಂದು ಚೆಂಬು ಜಾಸ್ತೀನೇ ಹುಯ್ದೆ."

ಸ್ವಾಮಿ, ತಮ್ಮನ್ನು ಅಷ್ಟು ನಂಬಿದವಳು ಈ ಊರಲ್ಲಿ ಅವಳೊಬ್ಬಳೇ ಉಳಿದಿದ್ದಳು.

ಇಂಜಿನ್ ಡ್ರೈವರ್ ಕಲ್ಲೇಶಪ್ಪನ ಮೇಲೆ ಕೂಗಾಡಲು ಹೋದೆ. "ಪಾಚಿ ಸಾಯ್ಸು ಅಂದ್ರು ಮಾವ, ಬೀದಿಗೆ ಹೇಳು ಅನ್ನಲಿಲ್ಲ" ಎಂದು ತಲೆ ತಗ್ಗಿಸಿದ. ಡಾಕ್ಟರು ಕೂಸಿನ ಕಣ್ಣಿಗೆ ಔಷಧಿ ಹಾಕಿ, ರೆಪ್ಪೆ ಬಿಚ್ಚಿದ ಮೇಲೆ ನೋಡೋಣ ಎಂದಿದ್ದಾರೆ. ತಾಯಿ ಅದರ ಮುಖ ನೋಡುತ್ತ ಕೂತಿದ್ದಾಳೆ.

ಪುಡಿಯೇ ಬೇಡ ಎನ್ನುವಷ್ಟು ದಡ್ಡ ನಾನಲ್ಲ. ಮಿಲ್ಲು ನಿಂತರೆ ಕೂಲಿಯೂ ಇಲ್ಲ, ಬಿಸಿನೀರೂ ಇಲ್ಲ. ಆದರೆ ಇನ್ನು ಮುಂದೆ ಮಿಲ್ಲಿಗೆ ರಜೆಯಿರುವ ಅಮಾವಾಸ್ಯೆಯಂದು ಹಾಕಿಸಿ, ಹಿಂದಿನ ಸಂಜೆ ಬೀದಿಯಲ್ಲಿ ಡಂಗುರ ಹೊಡೆಸಿ. ಘಾಟು ಅಡಗುವ ತನಕ ಆ ತೂತಿಗೆ ಬೆಣೆ ಜಡಿಸಿ. ಬೆಣೆ ಕೀಳುವ ದಿನ ತಾವೇ ಬರಬೇಕು. ಎಣ್ಣೆ ಮಿಲ್ಲಿನದು, ಬೆನ್ನು ಉಜ್ಜುವವನು ನಾನು. ಮೊದಲ ಚೆಂಬು ತಮ್ಮ ತಲೆಗೆ. ಕಣ್ಣು ಮಾತ್ರ ಮುಚ್ಚುವ ಹಾಗಿಲ್ಲ.

ಇಂತಿ,
ಮೈಗೆ ನೀರು ಹಾಕಿಕೊಳ್ಳಲೂ ಹೆದರುತ್ತಿರುವ,
ಮಿಲ್ಲಿನ ಹಿಂದಿನ ಬೀದಿಗೆಲ್ಲ ಮಾವನಾದ
ಕರಿಬಸವಯ್ಯ