ಏಪ್ರನ್ನಿಗೆ ದಿಗಿಲು ಬಿಡಿಸಿದ್ದು

ಅಮ್ಮಾ,

ಶಾಲೆ ಬಿಟ್ಟದ್ದು ಸೋಮಾರಿತನದಿಂದಲ್ಲ. ಪರೀಕ್ಷೆ ಅಂದರೆ ನನಗೆ ಉಸಿರು ಕಟ್ಟುತ್ತಿತ್ತು. ಇಷ್ಟು ವರ್ಷ ಮುಚ್ಚಿಟ್ಟೆ. ನೀನು ನಿದ್ದೆಯಲ್ಲಿ ಹಲ್ಲು ಕಡಿಯುವುದೂ ಅಂಥದೇ ದಿಗಿಲಿನಿಂದ ಇರಬೇಕು.

ಇಲ್ಲಿ ತೈಪೆಯ ಗುಡಿಯಲ್ಲಿ ದಿಗಿಲು ಬಿಡಿಸಿಕೊಳ್ಳಲು ಟೈ ಕಟ್ಟಿದ ಬ್ಯಾಂಕಿನವರೂ ಸಾಲಾಗಿ ನಿಂತಿರುತ್ತಾರೆ! ಬಾರದವರ ಅಂಗಿ ತಂದರೂ ಆಗುತ್ತದೆ, ಚಿಕ್ಕವನಿದ್ದಾಗ ನೀನು ನನ್ನದನ್ನು ಒಯ್ಯುತ್ತಿದ್ದ ಹಾಗೆ. ನಾನು ಚೀಲದಲ್ಲಿ ತಂದಿದ್ದ ನೀನು ಬನ್ನು ಬೇಯಿಸುವಾಗ ಕಟ್ಟುತ್ತಿದ್ದ ಹಳೇ ಏಪ್ರನ್ ಕೊಟ್ಟೆ. ದಿಗಿಲು ಬಿಡಿಸುವ ಅಜ್ಜಿಯೊಬ್ಬಳು ಮಗುವಿನ ಬೆನ್ನು ಸವರಿದಂತೆ ಅದರ ಮೇಲೆ ಊದುಬತ್ತಿ ಆಡಿಸುತ್ತ ನಕ್ಕಳು.

"ಅಂಗಿ ತಾರೋ ಅಂದ್ರೆ ಹಿಟ್ಟು ಮೆತ್ತಿದ್ದನ್ನ ತಂದಿದ್ದೀಯಲ್ಲೋ! ನಿಮ್ಮಮ್ಮ ಇದನ್ನ ಬಿಚ್ಚೋದೇ ಇಲ್ವಾ?"

"ನಾನಂತೂ ನೋಡಿಲ್ಲ, ಅಜ್ಜಿ."

"ಹಾಗಾದ್ರೆ ಊದುಬತ್ತಿ ಒಂದೇ ಏನ್ ಮಾಡುತ್ತೆ? ಇದನ್ನ ನೀನು ಕಟ್ಕೋ, ಅವಳು ಮಲಗಲಿ."

ಬಿ.ಪಿ. ಮಾತ್ರೆ ತಪ್ಪಿಸಬೇಡ. ಇನ್ನು ಬನ್ನು ನಾನು ಬೇಯಿಸುತ್ತೇನೆ. ನಾನು ಸೈಕಲ್ಲಿನಲ್ಲಿ ಬರುವುದರಿಂದ ಈ ಕಾರ್ಡೇ ಮೊದಲು ತಲುಪೀತು. ನಾಳೆ ಹೊರಡುತ್ತೇನೆ.

ಆ-ಹೋಂಗ್