ದೊಡ್ಡಮ್ಮ ಕೊಟ್ಟ ಗಂಟೆ

ದೊಡ್ಡಮ್ಮಾ, ನಮಸ್ಕಾರ.

ನೀವು ಕೊಟ್ಟು ಕಳಿಸಿದ ನಿಮ್ಮ ಸ್ಕೂಲಿನ ಹಳೇ ಗಂಟೆಯನ್ನ ಸೋಮವಾರ ಇಲ್ಲಿ ತೂಗುಹಾಕಿದೆ. ನಮ್ಮದು ಎಂಬಕಸಿ ಅನ್ನೋ ಬಡಾವಣೆಯ ಒಂದು ತಗಡಿನ ಶೆಡ್ಡು. ಸುಡಾನಿನ ಯುದ್ಧದಿಂದ ಓಡಿಬಂದು ಓದು ನಿಂತುಹೋದ ಮಕ್ಕಳಿಗೆ ಮೂರು ವರ್ಷದ ಪಾಠ ಒಂದೇ ವರ್ಷದಲ್ಲಿ ಹೇಳಿಕೊಡ್ತೀವಿ. ಏರ್‌ಪೋರ್ಟ್ ಪಕ್ಕದಲ್ಲೇ ಇರೋದ್ರಿಂದ ವಿಮಾನದ ಸದ್ದಿಗೆ ಅವರು ಒಗ್ಗಿಹೋಗಿದ್ದಾರೆ. ಆದ್ರೆ ನಾನು ನಿಮ್ಮ ಥರಾನೇ ಜೋರಾಗಿ ಗಂಟೆ ಹೊಡೆದೆ ನೋಡಿ, ಎಲ್ಲರೂ ಬೆಂಚಿನ ಕೆಳಗೆ ನುಗ್ಗಿದರು. ಚಿಕ್ಕವರ ಮೇಲೆ ದೊಡ್ಡವರು ಬೋರಲು ಬಿದ್ದುಕೊಂಡರು. ಅವರ ಊರಲ್ಲಿ ಬಾಂಬ್ ಹಾಕೋ ವಿಮಾನ ಕಂಡಾಗ ಮಾತ್ರ ಹಾಗೆ ಗಂಟೆ ಬಾರಿಸ್ತಿದ್ರಂತೆ.

ಬಿಚ್ಚಿ ಬೀರುವಿನಲ್ಲಿಟ್ಟಿದ್ದೀನಿ, ಬೇಜಾರು ಮಾಡ್ಕೋಬೇಡಿ. ಹೆದರಬೇಡಿ, ಇದು ನಮ್ಮ ದೊಡ್ಡಮ್ಮ ಸ್ಕೂಲಲ್ಲಿ ದಿನಾ ಹೊಡೀತಿದ್ದ ಗಂಟೆ ಅಂತ ಮಕ್ಕಳಿಗೆ ಹೇಳಿದೆ.

ನನ್ನ ಕೆಮ್ಮು ಪರವಾಗಿಲ್ಲ, ಕಷಾಯದ ಪುಡಿ ಮುಗೀತಾ ಬಂತು. ನಾನು ಹೋಗೋ ಮಟಾಟು ವ್ಯಾನು ಹಾರ್ನ್ ಹೊಡೀತಿದೆ, ಓಡಬೇಕು. ಇದೊಂದು ಹೇಳಿಬಿಡ್ತೀನಿ. ನಿನ್ನೆ ಅಮೂನಾ ಅನ್ನೋ ಪುಟ್ಟ ಹುಡುಗಿ ಬಂದು ನನ್ನ ಕೈ ಹಿಡ್ಕೊಂಡು ಕೇಳಿದಳು: "ಪಾಪ, ನಿಮ್ಮ ದೊಡ್ಡಮ್ಮನ ಸ್ಕೂಲಿಗೆ ದಿನಾ ವಿಮಾನ ಬರ್ತಿತ್ತಾ?"

ನಿಮ್ಮ ವಿಭಾ