ಹೊರಗಣ ವೃತ್ತ

ಈದಾ ಪಟ್ಟಣ,
ಮೂರನೆಯ ತಿಂಗಳ ಹದಿನೆಂಟನೆಯ ದಿನ

ಪ್ರೀತಿಯ ಮಗಳು ತಾಮಿಗೆ,

ಹೊಸ ವರ್ಷಕ್ಕೆ ನಿಮ್ಮ ಮನೆಯ ಬಣ್ಣದ ಕೊಪ್ಪರಿಗೆಯಲ್ಲಿ ಅದ್ದಿ ಕಳುಹಿಸಿದ ನೀಲಿ ಬಟ್ಟೆ ತಲುಪಿತು. ಉತ್ತರಿಸಲು ಎರಡು ತಿಂಗಳು ತಡವಾಯಿತು, ಕ್ಷಮಿಸು. ಹೇಳಬೇಕಾದುದು ಕಷ್ಟವಾಗಿತ್ತು.

ಗುಡಿಯ ಚಾವಣಿಯನ್ನು ಹೊಸದಾಗಿ ಹೊದಿಸಲೆಂದು, ನಮ್ಮವರು ದೇವರಿಗೆ ಅರ್ಪಿಸಿ ತೂಗುಹಾಕಿದ್ದ ಗಣಿತದ ಹಲಗೆಗಳನ್ನು ಇಳಿಸಿದರು. ನಿನ್ನದೂ ಇತ್ತು. ಹನ್ನೊಂದು ವರ್ಷದ ಹೊಗೆಯಲ್ಲೂ ಅಕ್ಷರಗಳು ಅಳಿಸಿಲ್ಲ: ‘ಮೂರು ಗೆರೆಗಳು ಕೂಡಿ ತ್ರಿಭುಜವಾಗಿವೆ. ಭುಜಗಳು ಮೂರು, ನಾಲ್ಕು, ಐದು. ಮೂರು ಗೆರೆಗಳನ್ನೂ ಮುಟ್ಟುವ ವೃತ್ತದ ತ್ರಿಜ್ಯವೆಷ್ಟು? ಉತ್ತರ: ಆರು.’ ಪಕ್ಕದಲ್ಲೇ ನಾನು ತೂಗುಹಾಕಿದ ತಿದ್ದುಪಡಿ: ‘ಉತ್ತರ ಒಂದು. ಬರೆದವಳಿಗೆ ಒಳಗು ಹೊರಗು ತಿಳಿಯದು.’

ಪೀಪಾಯಿ ಮಾಡುವ ತೋಕುಜಿ ಎರಡನ್ನೂ ಓದಿದ.

“ಮೇಷ್ಟ್ರೇ, ವೃತ್ತ ಒಳಗೇ ಇರ್ಬೇಕು ಅಂತ ನಿಮ್ಮ ಮಗಳು ಎಲ್ಲಿ ಬರೆದವ್ಳೆ?”

“ಮತ್ತೆಲ್ಲಿರುತ್ತಯ್ಯಾ?”

“ತಾಳಿ.”

ಅವನು ಚಾವಣಿಯ ಹಲಗೆಯೊಂದನ್ನು ಗೋಡೆಗೆ ಓರೆಯಾಗಿ ಆನಿಸಿದ. ನೆಲ, ಗೋಡೆ, ಹಲಗೆ ಸೇರಿ ನಿನ್ನದೇ ಅಳತೆಯ ತ್ರಿಭುಜವಾಯಿತು. ಬಳಿಕ ದೊಡ್ಡ ಪೀಪಾಯಿಯ ಬಿದಿರು ಬಳೆಯನ್ನು ಹೊರಗಿನಿಂದ ಉರುಳಿಸಿ ತಂದ. ಅದು ತ್ರಿಭುಜದ ಆಚೆಗೂ ಚಾಚಿದ್ದ ನೆಲವನ್ನೂ ಗೋಡೆಯನ್ನೂ, ಜೊತೆಗೆ ಹಲಗೆಯನ್ನೂ ಒಮ್ಮೆಗೇ ಮುಟ್ಟಿ ನಿಂತಿತು. ಅಳೆದೆವು: ತ್ರಿಜ್ಯ ಆರು.

“ನಲ್ವತ್ತು ವರ್ಷ ಪಾಠ ಹೇಳಿದ್ರಿ. ಹೊರಗೂ ಜಾಗ ಐತೆ ಅಂತ ನಿಮ್ಗೆ ಯಾರೂ ಹೇಳ್ಲಿಲ್ವಾ?” ಎಂದು ನಕ್ಕ. ನನಗೆ ನಗಲಾಗಲಿಲ್ಲ.

ನಾನು ತಿದ್ದುಪಡಿ ತೂಗುಹಾಕಿದಂದು ನೀನು ಕೇಳಿದ್ದು ಇಷ್ಟೇ: “ಅಪ್ಪಾ, ಗೆರೆ ನಾವೇ ಕಲ್ಪಿಸಿಕೊಂಡಿದ್ದು ತಾನೆ? ಅದು ಮೂಲೆಗೆ ಬಂದು ಯಾಕೆ ನಿಲ್ಬೇಕು?” ಶಿಷ್ಯರು ನಕ್ಕರು, ನಾನು ನಗಲು ಬಿಟ್ಟೆ. ಆಮೇಲೆ ನೀನು ಕೈವಾರವನ್ನು ಮುಟ್ಟಲಿಲ್ಲ.

ಬಟ್ಟೆಯೊಡನೆ ಅಳಿಯಂದಿರ ಪತ್ರವೂ ಇತ್ತು. ಕೊಪ್ಪರಿಗೆಯ ಬಾಯಿ ಎಷ್ಟು ದೊಡ್ಡದೆಂದು ಮೊಮ್ಮಗಳು ಕೇಳಿದಾಗ ನೀನು, “ಅಪ್ಪನ್ನ ಕೇಳು. ಅಮ್ಮಂಗೆ ಒಳಗು ಹೊರಗು ತಿಳಿಯಲ್ಲ” ಎಂದೆಯಂತೆ. ಅವರು ಅದನ್ನು ತಮಾಷೆಯೆಂದು ಬರೆದಿದ್ದಾರೆ.

ನನ್ನ ಹಲಗೆಯನ್ನು ಒಡೆದು ಒಲೆಗೆ ಹಾಕಿದ್ದೇನೆ. ನಿನ್ನದರ ಪಕ್ಕದಲ್ಲಿ ಒಂದು ಬರಿಯ ಹಲಗೆಯನ್ನು ತೂಗುಹಾಕಿಸಿದ್ದೇನೆ. ಆರು ಬಂದ ಬಗೆಯನ್ನು ಅದರ ಮೇಲೆ ನೀನೇ ಬರೆಯಬೇಕು, ಮಗಳನ್ನೂ ಕರೆತಾ. ಬರಲಾರೆನೆಂದರೆ ಆ ಹಲಗೆ ಬರಿದಾಗಿಯೇ ಇರಲಿ. ಬೇರೆ ಯಾರೂ ಅದನ್ನು ತುಂಬಬಾರದು.

ನಿನ್ನ ಮನೆ ತಂಪಾಗಿರಲಿ, ಮಗು. ಕೇಳಿದ್ದಕ್ಕೆಲ್ಲ ನಿನ್ನ ಮಗಳಿಗೆ ಉತ್ತರ ಸಿಗಲಿ.

ನಿನ್ನ ತಂದೆ,
ಸದಾಯೋಶಿ

ಮರೆತು ಬಿಟ್ಟುದಲ್ಲ, ಬರೆಯಲಾರದೆ ಬಿಟ್ಟುದು: ತೋಕುಜಿಯ ಮುಂದೆ ನಾನು ಅರಿಯದವನಂತೆ ನಟಿಸಿದೆ. ನೀನು ಮದುವೆಯಾಗಿ ಹೊರಟ ಬೆಳಿಗ್ಗೆಯೇ ಒಲೆಯ ಬೂದಿಯಲ್ಲಿ ಗೆರೆಗಳನ್ನು ಮೂಲೆಯಾಚೆಗೆ ಎಳೆದು ನೋಡಿದ್ದೆ. ಆರು ಬಂದಿತ್ತು. ನಿನ್ನ ಪಲ್ಲಕ್ಕಿ ಇನ್ನೂ ಅಂಗಳದಲ್ಲಿತ್ತು. “ಹೋಗಿ ಒಂದು ಮಾತು ಹೇಳ್ರಿ, ಮಗು ಎದೆ ಹಗುರ ಮಾಡ್ಕೊಂಡು ಹೋಗ್ಲಿ” ಎಂದಳು ನಿನ್ನ ತಾಯಿ. ಬಾಗಿಲಲ್ಲಿ ಶಿಷ್ಯರೆಲ್ಲ ನಿಂತಿದ್ದರು. ನಾನು ಅಂಗೈಯಿಂದ ಬೂದಿಯನ್ನು ಸಮ ಮಾಡಿದೆ.